ಹಲೋ ಅಂದಿದ್ದಕ್ಕೆ ಬೈಸಿಕೊಂಡೆ

ಕೇಳುಗರೇ, ನಮಸ್ಕಾರ.

ನನ್ನ ಅಕ್ಕನ ಮಗಳು ಐರ್ಲೆಂಡಿನ ಲಿಮೆರಿಕ್ ಎಂಬ ಊರಿನಲ್ಲಿ ನರ್ಸ್. ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿದಳು. ನಾನಿಲ್ಲಿ ಹಾಸನದಲ್ಲಿ ಮುದ್ದೆ ಮುರಿಯುತ್ತಾ ಕೂತಿದ್ದೆ. ಅಲ್ಲಿನ್ನೂ ಮಧ್ಯಾಹ್ನ. "ಮಾಮ, ರಗ್ಬಿ ನೋಡೋಕೆ ಬಂದಿದ್ದೀನಿ. ಗಲಾಟೆ ಕೇಳಿ" ಅಂದಳು. ತೇರು ಹೊರಟಾಗ ಆಗುತ್ತಲ್ಲ, ಅಂಥ ಗದ್ದಲ. ಇದ್ದಕ್ಕಿದ್ದಂತೆ ಎಲ್ಲ ನಿಂತುಹೋಯಿತು. ಲೈನ್ ಕಟ್ಟಾಯಿತು ಅಂದುಕೊಂಡು "ಹಲೋ, ಹಲೋ" ಅಂತ ಕೂಗಿದೆ. ಆ ಕಡೆಯಿಂದ ಪಿಸುದನಿ: "ಶ್! ಸುಮ್ನಿರಿ ಮಾಮ!"

ಆ ಕ್ರೀಡಾಂಗಣದ ಹೆಸರು ಥಾಮಂಡ್ ಪಾರ್ಕ್. ಮನ್‌ಸ್ಟರ್ ಪ್ರಾಂತ್ಯದ ತಂಡದ ತವರು. 25 ಸಾವಿರಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. ಕಂಬಗಳ ನಡುವೆ ಒದೆಯಲು ಒಬ್ಬ ಚೆಂಡು ಇಟ್ಟ ಅಂದರೆ ಅಷ್ಟೂ ಜನ ಗಪ್‌ಚುಪ್. ತಮ್ಮವನಿಗೂ ಅಷ್ಟೇ, ಎದುರಾಳಿಗೂ ಅಷ್ಟೇ. ಅದು ಮರ್ಯಾದೆ ಅಂತಾರೆ. ನನಗೇನೋ ಅನುಮಾನ. ಅಷ್ಟು ಮೌನದಲ್ಲಿ ಒದೆಯುವವನ ಕಾಲು ನಡುಗೋದಿಲ್ವಾ? ನಮ್ಮ ಬಾನುಲಿಯಲ್ಲಂತೂ ಮೌನ ಅಂದರೆ ಏನೋ ಕೆಟ್ಟಿದೆ ಅಂತಲೇ ಅರ್ಥ.

ಆಟ ಕಷ್ಟದ್ದೇನಲ್ಲ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡಬಹುದು. ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಚೆಂಡು ಹಿಡಿದವನನ್ನು ಸೊಂಟಕ್ಕೆ ಕೈಹಾಕಿ ಕೆಡವುತ್ತಾರೆ. ಕಬಡ್ಡಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐರ್ಲೆಂಡಿನ ಬೇರೆ ಕಡೆ ರಗ್ಬಿ ಹೆಚ್ಚಾಗಿ ದೊಡ್ಡ ಶಾಲೆಗಳಲ್ಲಿ ಓದಿದವರ ಆಟ. ಲಿಮೆರಿಕ್‌ನಲ್ಲಿ ಹಮಾಲರಿಂದ ಡಾಕ್ಟರವರೆಗೆ ಎಲ್ಲರದ್ದು. ಈ ಮೈದಾನದ ಜಂಬವೂ ಅದೇ, ಜೊತೆಗೆ 1978ರ ಅಕ್ಟೋಬರ್ 31. ಅವತ್ತು ಬಂದದ್ದು ನ್ಯೂಜಿಲೆಂಡ್ ತಂಡ, ಆಲ್ ಬ್ಲ್ಯಾಕ್ಸ್. ಆ ಪ್ರವಾಸದಲ್ಲಿ ಐರ್ಲೆಂಡ್, ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್ ನಾಲ್ಕನ್ನೂ ಸೋಲಿಸಿದವರು. ಸೋತದ್ದು ಒಂದೇ ಒಂದು ಪಂದ್ಯ, ಇಲ್ಲಿ, ಮನ್‌ಸ್ಟರ್ ಎದುರು, 12-0. ಆಗ ರಗ್ಬಿ ಆಡುವವರಿಗೆ ಸಂಬಳವೂ ಇರಲಿಲ್ಲ. ಇಡೀ ಐರ್ಲೆಂಡ್ ತಂಡ ಆಲ್ ಬ್ಲ್ಯಾಕ್ಸನ್ನು ಮೊದಲ ಸಲ ಗೆದ್ದಿದ್ದು 2016ರಲ್ಲಿ! 1978ರ ಆ ದಿನ ಮೈದಾನದಲ್ಲಿದ್ದವರು ಸುಮಾರು 12 ಸಾವಿರ. "ನಾನೂ ಇದ್ದೆ" ಅನ್ನುವವರು ಮಾತ್ರ ಲಕ್ಷ ದಾಟುತ್ತಾರೆ ಅಂತ ಅಲ್ಲಿನವರೇ ನಗುತ್ತಾರೆ.

ಸುಗ್ಗಿ ಮುಗಿದ ಮೇಲೆ ನಮ್ಮೂರ ಕಣದಲ್ಲಿ ಕಬಡ್ಡಿ ಇಟ್ಟಿದ್ದರು. ಪಕ್ಕದೂರಿನವನು ರೈಡ್‌ಗೆ ಬಂದಾಗ ಸುಮ್ಮನಿರಿ ಅಂತ ಹುಡುಗರಿಗೆ ಹೇಳಿಟ್ಟಿದ್ದೆ. ಪುಣ್ಯಕ್ಕೆ ಕೇಳಿದರು. ಶಿಳ್ಳೆ ಇಲ್ಲ, ಕೂಗಿಲ್ಲ. ಅವನ "ಕಬಡ್ಡಿ, ಕಬಡ್ಡಿ" ಒಂದೇ ಕೇಳುತ್ತಿತ್ತು. ನಡು ಅಂಕಣಕ್ಕೆ ಬಂದವನು ಗಾಬರಿಯಾಗಿ ಸುತ್ತ ನೋಡಿದ. "ಯಾಕ್ರೋ, ಏನಾಯ್ತು?" ಅಂದ.

ಉಸಿರು ಬಿಟ್ಟ. ಔಟ್.