ಸಾವಿರ ಸುಳ್ಳು ಬೇಡ, ಒಂದು ಸಾಕು

ಕೇಳುಗರಿಗೆ ನಮಸ್ಕಾರ.

ಬಾಹ್ಯಾಕಾಶದ ಕಥೆ ಇರುವ ಹೊಸ ಸಿನಿಮಾ ಬರುತ್ತಿದೆ ಅಂದರೆ ಸಾಕು, ನನಗೊಂದು ಹಳೇ ಚಟ. ಟ್ರೈಲರ್ ಬಂದ ದಿನವೇ ನೋಡಬೇಕು. ಆಮೇಲೆ ನಿಲ್ಲಿಸಿ ನಿಲ್ಲಿಸಿ ಇನ್ನೊಂದು ಸಲ ನೋಡಬೇಕು. ನಾಯಕ ಯಾರು, ಸಂಗೀತ ಯಾರದ್ದು ಅನ್ನೋದೆಲ್ಲ ಆಮೇಲಿನ ಮಾತು. ನೌಕೆ ತಿರುಗುತ್ತಿದೆಯಾ? ನಾಯಕಿಯ ಕೂದಲು ತೇಲುತ್ತಿದೆಯಾ? ಹೊರಗೆ ಏನೋ ಸಿಡಿಯಿತಲ್ಲ, ಸದ್ದು ಬಂತಾ? ನನ್ನ ಕಣ್ಣು ಹೋಗುವುದು ಇಂಥ ಕಡೆಗೇ. ಮನೆಯವರು ಇದನ್ನು ಹುಚ್ಚು ಅಂತಾರೆ. ಇರಬಹುದು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಸಿನಿಮಾದವರಿಗೆ ನಾನು ಅಷ್ಟು ಸಲಿಗೆ ಕೊಡೋದಿಲ್ಲ. ಒಂದು ಸುಳ್ಳಿಗೆ ಮಾತ್ರ ಮಾಫಿ. ಆ ಒಂದು ಸುಳ್ಳು ಬೇಕೇ ಬೇಕು, ಯಾಕೆಂದರೆ ದೂರ ಅಂಥದ್ದು. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತದೆ. ನಾನು ಒಂದು ಸಲ ಉಸಿರು ಎಳೆದು ಬಿಡುವಷ್ಟರಲ್ಲಿ ಅದು 50 ಕಿಲೋಮೀಟರ್ ದಾಟಿರುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅಷ್ಟೇ ವೇಗದಲ್ಲಿ ಅಲ್ಲಿಗೆ ಹೊರಟರೆ ತಲುಪೋದಕ್ಕೆ ಸುಮಾರು 75 ಸಾವಿರ ವರ್ಷ! ಇನ್ನು ಕಥೆ ನಡೆಯೋದು ಹೇಗೆ? ಹಾಗಾಗಿ ಯಾರೂ ಕಂಡಿರದ ಇಂಧನ, ಹೊಸ ಎಂಜಿನ್, ಏನಾದರೂ ಕಟ್ಟಿಕೊಳ್ಳಲಿ. ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ಉಳಿದದ್ದಕ್ಕೆ ಸುಳ್ಳು ಯಾಕೆ ಬೇಕು ಅನ್ನೋದೇ ನನ್ನ ತಕರಾರು. ಸದ್ದನ್ನೇ ನೋಡಿ. ಗಾಳಿ ಇಲ್ಲದ ಕಡೆ ಸದ್ದು ಹರಿಯೋದಿಲ್ಲ. 1968ರಲ್ಲೇ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದಲ್ಲಿ ಹೊರಗೆಲ್ಲ ನಿಶ್ಶಬ್ದ, ಪೋಷಾಕಿನೊಳಗೆ ಉಸಿರಾಟ ಮಾತ್ರ. ಢಂ ಅನ್ನೋದಕ್ಕಿಂತ ಜಾಸ್ತಿ ಎದೆ ನಡುಗಿಸೋದು ಆ ಉಸಿರು.

ನೌಕೆಯೊಳಗೆ ನಡೆದಾಡುವ ದೃಶ್ಯ ಬಂದರೆ ನನ್ನ ಲೆಕ್ಕ ಶುರು. ನೌಕೆಯನ್ನು ಬುಗುರಿಯಂತೆ ತಿರುಗಿಸಿದರೆ ಒಳಗಿದ್ದವರಿಗೆ ತೂಕ ಬಂದ ಹಾಗೆ ಆಗುತ್ತದೆ, ಅದು ನಿಜ. ಆದರೆ ಅಳತೆ ನೋಡಬೇಕು. ಅಕ್ಷದಿಂದ ನೆಲಕ್ಕೆ 10 ಮೀಟರ್ ಮಾತ್ರ ಇದ್ದರೆ, ಭೂಮಿಯಷ್ಟು ತೂಕ ಬರಲು ನಿಮಿಷಕ್ಕೆ ಒಂಬತ್ತೂವರೆ ಸುತ್ತು ಬೇಕು. ಆಗ ಪಾದದ ಹತ್ತಿರ ಇರುವಷ್ಟು ಎಳೆತ ತಲೆಯ ಹತ್ತಿರ ಇರೋದಿಲ್ಲ, ಸುಮಾರು ಆರನೇ ಒಂದು ಭಾಗ ಕಮ್ಮಿ. ಸುಮ್ನೆ ಕತ್ತು ಹೊರಳಿಸಿದರೂ ತಲೆ ಗಿರ್ರನೆ ತಿರುಗಿ ವಾಂತಿ ಬರುವ ಹಾಗಾಗುತ್ತದೆ. ನಿಮಿಷಕ್ಕೆ ಎರಡೇ ಸುತ್ತು ಸಾಕು ಅಂದರೆ 224 ಮೀಟರ್ ಬೇಕು. ಪುಟ್ಟ ನೌಕೆಯೊಳಗೆ ನಾಯಕ ಕೈಯಲ್ಲಿ ಲೋಟ ಹಿಡಿದು ಆರಾಮಾಗಿ ಅಡ್ಡಾಡುತ್ತಿದ್ದರೆ, ಆ ಸಿನಿಮಾ ಎರಡನೇ ಸುಳ್ಳಿಗೆ ಕೈ ಹಾಕಿದೆ ಅಂತ ಅರ್ಥ.

ನನಗೆ ನಿಜವಾಗಿ ಕೋಪ ಬರೋದು ಇದಕ್ಕಲ್ಲ. ಮಂಗಳದಲ್ಲಿರುವ ಅಪ್ಪ, ಭೂಮಿಯಲ್ಲಿರುವ ಮಗಳು, ಪಕ್ಕದ ಕೋಣೆಯಲ್ಲಿ ಕೂತವರ ಹಾಗೆ ಮಾತಾಡುತ್ತಾರಲ್ಲ, ಅದಕ್ಕೆ. ನನ್ನ ಈ ಮಾತು ನಿಮಗೆ ತಲುಪುತ್ತಿರೋದು ರೇಡಿಯೋ ಅಲೆಯಲ್ಲಿ. ಅದರ ವೇಗ ಬೆಳಕಿನ ವೇಗವೇ. ಅದಕ್ಕಿಂತ ಬೇಗ ಹೋಗುವ ದೂತ ಯಾರೂ ಇಲ್ಲ. ಆ ವೇಗಕ್ಕೂ ಮಂಗಳ ತಲುಪಲು 3 ನಿಮಿಷ ಹಿಡಿಯುತ್ತದೆ, ಅದೂ ಗ್ರಹ ತೀರಾ ಹತ್ತಿರ ಬಂದಾಗ. ದೂರ ಇದ್ದಾಗ 22 ನಿಮಿಷ. ಅಂಥ ದಿನ ನೀವು ಮಂಗಳದಲ್ಲಿ ಕೂತು ಕೇಳುತ್ತಿದ್ದರೆ, ನನ್ನ ‘ನಮಸ್ಕಾರ’ ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ನಾನು ಮೈಕ್ ಆರಿಸಿ, ಮೆಟ್ಟಿಲಿಳಿದು, ಮನೆಯ ದಾರಿ ಹಿಡಿದಿರುತ್ತೇನೆ. ನೀವು ತಿರುಗಿ ನಮಸ್ಕಾರ ಅಂದರೆ ಅದು ಬರುವುದು ಖಾಲಿ ಸ್ಟುಡಿಯೋಗೆ.

2012ರ ಆಗಸ್ಟ್‌ನಲ್ಲಿ ನಾಸಾದ ಕ್ಯೂರಿಯಾಸಿಟಿ ಅನ್ನುವ ರೋವರ್, ಅಂದರೆ ಚಕ್ರದ ಮೇಲೆ ಓಡಾಡುವ ಯಂತ್ರ, ಮಂಗಳಕ್ಕಿಳಿದ ಕಥೆ ಇದಕ್ಕೆ ಸಾಕ್ಷಿ. ಆ ದಿನ ಅಲ್ಲಿಂದ ಸುದ್ದಿ ಬರಲು ಸುಮಾರು 14 ನಿಮಿಷ ಬೇಕಿತ್ತು. ಗಾಳಿಗೆ ನುಗ್ಗಿ ನೆಲ ಮುಟ್ಟಲು ರೋವರ್‌ಗೆ ಬೇಕಿದ್ದದ್ದು 7 ನಿಮಿಷ. ಈಗ ಲೆಕ್ಕ ಹಾಕಿ. ‘ಗಾಳಿಗೆ ನುಗ್ಗಿದೆ’ ಅನ್ನುವ ಸುದ್ದಿ ಅದನ್ನು ನಡೆಸುವ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಗೆ ಬಂದಾಗ, ಮಂಗಳದಲ್ಲಿ ಆಗುವುದೆಲ್ಲ ಆಗಿ ಹೋಗಿತ್ತು. ರೋವರ್ ಒಂದೋ ನೆಲದ ಮೇಲೆ ನೆಟ್ಟಗೆ ನಿಂತಿದೆ, ಇಲ್ಲ ಚೂರುಚೂರಾಗಿದೆ. ಇಲ್ಲಿದ್ದವರು ಮಾಡಬಹುದಾದದ್ದು ಏನೂ ಇಲ್ಲ. ಆ ಲ್ಯಾಬೊರೇಟರಿಯ ಕಂಟ್ರೋಲ್ ರೂಮಿನಲ್ಲಿ ಇಂಥ ಹೊತ್ತಿಗೆ ಒಳ್ಳೆಯದಾಗಲಿ ಅಂತ ಕಡಲೆಕಾಯಿ ಹಂಚಿಕೊಂಡು ತಿನ್ನುವ ರೂಢಿ ಇದೆ. ವರ್ಷಗಟ್ಟಲೆ ದುಡಿದ ಎಂಜಿನಿಯರುಗಳ ಕೈಯಲ್ಲಿ ಉಳಿದದ್ದು ಕಡಲೆಕಾಯಿ! ಇದಕ್ಕಿಂತ ಒಳ್ಳೆಯ ದೃಶ್ಯವನ್ನು ಯಾವ ಕಥೆಗಾರ ಬರೆದಾನು, ಹೇಳಿ? ವಿಜ್ಞಾನ ಪುಕ್ಕಟೆಯಾಗಿ ಕೊಟ್ಟ ಈ ಕಾಯುವಿಕೆಯನ್ನು ಬಿಸಾಕಿ, ಫೋನಿನಲ್ಲಿ ‘ಹಲೋ’ ಅನ್ನಿಸುತ್ತಾರೆ.

ಇನ್ನು ಅಳುವ ದೃಶ್ಯ. ಕಣ್ಣೀರು ಮುತ್ತಿನ ಹನಿಯಾಗಿ ಕಣ್ಣಿನಿಂದ ಬಿಟ್ಟು ಕ್ಯಾಮೆರಾ ಕಡೆ ತೇಲಿ ಬರುವುದನ್ನು ನೀವೂ ನೋಡಿರಬಹುದು. ಚೆಂದ ಕಾಣುತ್ತದೆ, ಒಪ್ಪಿದೆ. ಕೆನಡಾದ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ 2013ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತಮ್ಮ ಕಣ್ಣಿಗೇ ನೀರು ಬಿಟ್ಟುಕೊಂಡು ತೋರಿಸಿದರು. ನೀರು ಕೆನ್ನೆಗೆ ಇಳಿಯಲಿಲ್ಲ, ತೇಲಿಯೂ ಹೋಗಲಿಲ್ಲ. ಕಣ್ಣಿನ ಮೇಲೇ ಲೋಳೆಯ ಉಂಡೆಯ ಹಾಗೆ ಅಂಟಿಕೊಂಡಿತು. ಅತ್ತಷ್ಟೂ ಉಂಡೆ ದಪ್ಪ ಆಗುತ್ತದೆ, ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ತಲೆಗೆ ಹೆಲ್ಮೆಟ್ ಇದ್ದರೆ ಒರೆಸಿಕೊಳ್ಳುವ ದಾರಿಯೂ ಇಲ್ಲ. ದುಃಖ ಕಣ್ಣು ಬಿಟ್ಟು ಕದಲೋದೇ ಇಲ್ಲ, ಅಲ್ವಾ?

ಹಾಗಾಗಿ ಈ ಸಲ ಹೊಸ ಸಿನಿಮಾದಲ್ಲಿ ಯಾರಾದರೂ ಅತ್ತರೆ, ಥಿಯೇಟರಿನಲ್ಲಿ ಎಲ್ಲರೂ ಕರ್ಚೀಫು ತೆಗೆಯುವ ಹೊತ್ತಿಗೆ ನಾನು ಮುಂದಕ್ಕೆ ಬಗ್ಗಿ, ಆ ಹನಿ ಎತ್ತ ಹೋಯಿತು ಅಂತ ನೋಡುತ್ತಿರುತ್ತೇನೆ. ಪಕ್ಕದವರು ಮೊಣಕೈಯಲ್ಲಿ ತಿವಿದರೆ ತಿವಿಯಲಿ.