ಸತು ಹೆಚ್ಚಾದರೆ ತಾಮ್ರಕ್ಕೆ ಏನಾಗುತ್ತದೆ?

ಉಡುಪಿಯ ಆರೋಗ್ಯಾಸಕ್ತರಿಗೆ ನಮಸ್ಕಾರ. ಈಗ ಅನೇಕ ಮನೆಗಳ ಔಷಧಿ ಡಬ್ಬಿಯಲ್ಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕೋವಿಡ್ ಕಾಲದಿಂದ ರೂಢಿಯಾದ ಝಿಂಕ್ ಮಾತ್ರೆ ಒಟ್ಟೊಟ್ಟಿಗೆ ಇರುತ್ತವೆ. ಮೂರನ್ನೂ ಬೆಳಗ್ಗಿನ ಚಹಾದ ಜೊತೆ ನುಂಗಿ ಮುಗಿಸುವವರಿದ್ದಾರೆ. ಹಾಗೆ ಮಾಡಬಾರದು, ಯಾಕೆಂದು ಹೇಳುತ್ತೇನೆ.

ಮೊದಲು ಝಿಂಕ್, ಅಂದರೆ ಸತು. ಸಣ್ಣ ಕರುಳಿನ ಒಳಪದರದ ಕೋಶಗಳು ಮೆಟಲೋಥಯೋನೀನ್ ಎಂಬ ಪ್ರೋಟೀನನ್ನು ತಯಾರಿಸುತ್ತವೆ. ಸತು ಹೆಚ್ಚು ಬಂದಷ್ಟೂ ಇದರ ತಯಾರಿ ಹೆಚ್ಚುತ್ತದೆ. ಆದರೆ ಈ ಪ್ರೋಟೀನು ಸತುವಿಗಿಂತ ಬಿಗಿಯಾಗಿ ಹಿಡಿಯುವುದು ತಾಮ್ರವನ್ನು. ಹಿಡಿದ ತಾಮ್ರ ರಕ್ತಕ್ಕೆ ದಾಟುವುದಿಲ್ಲ. ಕೆಲವೇ ದಿನ ಬದುಕುವ ಆ ಕೋಶಗಳು ಉದುರಿದಾಗ ತಾಮ್ರವೂ ಮಲದಲ್ಲಿ ಹೋಗುತ್ತದೆ. ತಾಮ್ರ ಅತಿಯಾಗಿ ಶೇಖರವಾಗುವ ವಿಲ್ಸನ್ ಕಾಯಿಲೆಗೆ ದಿನಕ್ಕೆ ಮೂರು ಬಾರಿ 50 ಮಿ.ಗ್ರಾಂ ಸತು ಕೊಡುವುದು ಇದೇ ಕಾರಣಕ್ಕೆ. ಅದೇ ಔಷಧ ಕಾಯಿಲೆಯಿಲ್ಲದವರ ದೇಹದಲ್ಲೂ ಅದೇ ಕೆಲಸ ಮಾಡುತ್ತದೆ.

ತಿಂಗಳುಗಟ್ಟಲೆ ಹೀಗಾದರೆ ಹಿಮೋಗ್ಲೋಬಿನ್ ಇಳಿಯುತ್ತದೆ, ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ, ಪಾದ ಜೋಮು ಹಿಡಿದು ನಡಿಗೆ ತೂರಾಡುತ್ತದೆ. ಸತು ನಿಲ್ಲಿಸಿ ತಾಮ್ರ ಕೊಟ್ಟರೆ ರಕ್ತ ಸುಧಾರಿಸುತ್ತದೆ. ನರಗಳಿಗಾದ ಹಾನಿ ಅನೇಕರಲ್ಲಿ ಪೂರ್ತಿ ಹಿಂದಿರುಗುವುದಿಲ್ಲ. ನನಗೆ ಹೆಚ್ಚು ಆತಂಕವಿರುವುದು ಈ ರಕ್ತಹೀನತೆಯನ್ನು ಕಬ್ಬಿಣದ ಕೊರತೆ ಎಂದುಕೊಂಡು ಕಬ್ಬಿಣವನ್ನೇ ಕೊಡುತ್ತಾ ಹೋಗುವುದರ ಬಗ್ಗೆ. ಕಬ್ಬಿಣ ಕರುಳಿನಿಂದ ದಾಟಲು ಹೆಫೆಸ್ಟಿನ್, ಶೇಖರಣೆಯಿಂದ ಹೊರಬರಲು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನುಗಳು ಬೇಕು. ಎರಡರಲ್ಲೂ ತಾಮ್ರವಿದೆ. ತಾಮ್ರವಿಲ್ಲದೆ ಕಬ್ಬಿಣ ಇದ್ದಲ್ಲೇ ಉಳಿಯುತ್ತದೆ. ಕಬ್ಬಿಣಕ್ಕೆ ಬಗ್ಗದ ರಕ್ತಹೀನತೆಯಿದ್ದು ಸತು ಸೇವನೆಯೂ ಇದ್ದರೆ ವೈದ್ಯರಿಗೆ ತಿಳಿಸಿ, ತಾಮ್ರದ ಪರೀಕ್ಷೆ ಕೇಳಿ. ಗರ್ಭಿಣಿಯರಲ್ಲಿ, ಉರಿಯೂತವಿದ್ದವರಲ್ಲಿ ಸೆರುಲೋಪ್ಲಾಸ್ಮಿನ್ ತಾನಾಗಿಯೇ ಏರುವುದರಿಂದ ಕೊರತೆಯಿದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು.

ಮಾತ್ರೆಯ ಚೀಟಿಯನ್ನು ಸರಿಯಾಗಿ ಓದಬೇಕು. 220 ಮಿ.ಗ್ರಾಂ ಝಿಂಕ್ ಸಲ್ಫೇಟಿನಲ್ಲಿ ಇರುವ ಸತು ಸುಮಾರು 50 ಮಿ.ಗ್ರಾಂ. ಅಮೆರಿಕದ ಮಾನದಂಡದಲ್ಲಿ ವಯಸ್ಕರಿಗೆ ಸತುವಿನ ದಿನದ ಮೇಲ್ಮಿತಿ ಆಹಾರದ್ದೂ ಸೇರಿ 40 ಮಿ.ಗ್ರಾಂ, ತಾಮ್ರದ ಅಗತ್ಯ ಬರೇ 0.9 ಮಿ.ಗ್ರಾಂ. ಆದರೆ ಇದನ್ನು ಕೇಳಿ ಭೇದಿಯಾದ ಮಗುವಿನ ಝಿಂಕ್ ಮಾತ್ರೆ ನಿಲ್ಲಿಸಬೇಡಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, 14 ದಿನ: ಅಷ್ಟು ಅಲ್ಪಾವಧಿಯಲ್ಲಿ ಹೆದರುವಂಥದ್ದಿಲ್ಲ.

ಕಬ್ಬಿಣವೂ ಸತುವೂ ಕರುಳಿನಲ್ಲಿ ಪೈಪೋಟಿ ನಡೆಸುವುದುಂಟು. ಖಾಲಿ ಹೊಟ್ಟೆಗೆ 25 ಮಿ.ಗ್ರಾಂಗಿಂತ ಹೆಚ್ಚು ಕಬ್ಬಿಣ ನೀರಿನೊಂದಿಗೆ ಹೋದರೆ ಜೊತೆಗಿರುವ ಸತುವಿನ ಹೀರಿಕೆ ತಗ್ಗುತ್ತದೆ. ಊಟದೊಳಗಿನ ಕಬ್ಬಿಣ ಅಷ್ಟು ಕಾಟ ಕೊಡುವುದಿಲ್ಲ. ಮರುವಾಯಿ (ಚಿಪ್ಪುಮೀನು) ಸುಕ್ಕದಲ್ಲಿ ಕಬ್ಬಿಣ, ಸತು, ತಾಮ್ರ ಮೂರೂ ಇವೆ, ಜಗಳವಿಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಗೇರುಬೀಜದಲ್ಲೇ 0.6 ಮಿ.ಗ್ರಾಂಗೂ ಹೆಚ್ಚು ತಾಮ್ರ ಸಿಗುತ್ತದೆ.

ತಟ್ಟೆಯಲ್ಲಿ ತೊಂದರೆ ಕೊಡುವುದು ಬೇರೆ ಎರಡು: ಚಹಾದ ಟ್ಯಾನಿನ್, ಧಾನ್ಯ-ಕಾಳುಗಳ ಫೈಟೇಟ್. ಕೆಂಪು ಕುಚ್ಚಲಕ್ಕಿಯ ತೌಡಿನಲ್ಲೂ, ಹುರುಳಿಯಲ್ಲೂ ಫೈಟೇಟ್ ಇದೆ. ಅದು ಕಬ್ಬಿಣವನ್ನೂ ಸತುವನ್ನೂ ಕಟ್ಟಿಹಾಕುತ್ತದೆ. ಅದಕ್ಕಾಗಿ ಗಂಜಿ ಬಿಡುವುದು ಬೇಡ. ಹುರುಳಿಯನ್ನು ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಮೊಳಕೆ ಬರಿಸಿ, ಫೈಟೇಟ್ ತಗ್ಗುತ್ತದೆ. ಕಬ್ಬಿಣದ ಹೀರಿಕೆ ಹೆಚ್ಚಲು ಗಂಜಿಗೆ ಮೀನು ಸೇರಲಿ, ಅಥವಾ ನೆಲ್ಲಿಕಾಯಿ ಚಟ್ನಿ.

ಗರ್ಭಿಣಿಯರಿಗೆ 60 ಮಿ.ಗ್ರಾಂ ಕಬ್ಬಿಣದ ಮಾತ್ರೆ, 500 ಮಿ.ಗ್ರಾಂ ಕ್ಯಾಲ್ಸಿಯಂ ದಿನಕ್ಕೆರಡು ಬಾರಿ ಕೊಡುತ್ತಾರೆ. ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಗೆ ಅಡ್ಡ ಬರುವುದರಿಂದ ಅದು ಬೆಳಗ್ಗಿನ ತಿಂಡಿಗೂ ರಾತ್ರಿ ಊಟಕ್ಕೂ ಇರಲಿ. ಮಧ್ಯಾಹ್ನ ಒಂದಕ್ಕೆ ಊಟವಾದರೆ ಕಬ್ಬಿಣ ಮೂರಕ್ಕೆ, ಲಿಂಬೆ ಪಾನಕದ ಜೊತೆ. ಚಹಾ ನಾಲ್ಕರ ಮೇಲೆ. ವಾಕರಿಕೆ ಬಂದರೆ ಸ್ವಲ್ಪ ಆಹಾರದ ಮೇಲೆ ತೆಗೆದುಕೊಳ್ಳಿ. ಹೀರಿಕೆ ತುಸು ತಗ್ಗಿದರೂ ಮಾತ್ರೆ ಬಿಡುವುದಕ್ಕಿಂತ ಅದು ಮೇಲು. ಥೈರಾಯ್ಡಿಗೆ ಬೆಳಗ್ಗೆ ಥೈರಾಕ್ಸಿನ್ ತೆಗೆದುಕೊಳ್ಳುವವರು ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂಗೂ ನಡುವೆ ನಾಲ್ಕು ಗಂಟೆ ಬಿಡಬೇಕು. ಹಾಗಾಗಿ ಅವರು ತಿಂಡಿಯ ಕ್ಯಾಲ್ಸಿಯಂ ಅನ್ನು ಮಧ್ಯಾಹ್ನದ ಊಟಕ್ಕೆ, ಕಬ್ಬಿಣವನ್ನು ಸಂಜೆಗೆ ಸರಿಸಿಕೊಳ್ಳಲಿ.