ಠಾಣೆಯ ಗೋಡೆಯ ಮೇಲಿನ ಫಲಕ

ಕೇಳುಗ ಬಂಧುಗಳೇ, ನಮಸ್ಕಾರ.

1991ನೇ ಇಸವಿ. ಕಾಫಿ ಕೊಯ್ಲು ಮುಗಿದು ಮೆಣಸಿನ ಕೊಯ್ಲು ನಡೆಯುತ್ತಿದ್ದ ಕಾಲ. ಚಿಕ್ಕಮಗಳೂರು ಜಿಲ್ಲೆಯ ಒಂದು ಠಾಣೆಯಲ್ಲಿ ನಾನು ಕಾನ್‌ಸ್ಟೆಬಲ್ ಆಗಿದ್ದೆ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ತೋಟವೊಂದರ ಕಣದಿಂದ ಎರಡು ಮೂಟೆ ಮೆಣಸು ಹೋಯಿತೆಂದು ದೂರು ಬಂತು. ತೋಟದ ಆಳುಗಳು ಇರುವ ಲೈನ್ ಮನೆಯಿಂದ ಒಬ್ಬ ಆಳನ್ನು ಕರೆತಂದೆವು. ಡೈರಿಯಲ್ಲಿ ಬರೆಯಲಿಲ್ಲ, ಮನೆಯವರಿಗೆ ತಿಳಿಸಲಿಲ್ಲ, ಎರಡು ರಾತ್ರಿ ಹಾಗೇ ಇಟ್ಟುಕೊಂಡೆವು.

ಮಾರನೇ ದಿನ ಅವನ ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದಳು. ಅಷ್ಟು ಹೊತ್ತಿಗಾಗಲೇ ಇನ್ನೊಂದು ಠಾಣೆಗೂ ಹೋಗಿ ಬಂದಿದ್ದಳು. ಸೆಂಟ್ರಿ ಡ್ಯೂಟಿಯಲ್ಲಿ ನಾನಿದ್ದೆ. "ಸಾಮಿ, ನಮ್ಮನೆಯವ್ರು ಇಲ್ಲವ್ರಾ?" ಎಂದು ಕೇಳಿದಳು. "ಇಲ್ಲಮ್ಮ, ಇಲ್ಲಿ ಯಾರೂ ಇಲ್ಲ" ಅಂದೆ. ಅವಳ ಗಂಡ ಹತ್ತು ಹೆಜ್ಜೆ ಒಳಗೆ, ಗೋಡೆಯ ಆಚೆ ಕೂತಿದ್ದ. ಮೂರನೇ ದಿನ ಮೆಣಸು ಬೇರೆಯವರ ಹತ್ತಿರ ಸಿಕ್ಕಿತು. ಅವನನ್ನು ಬಿಟ್ಟು ಕಳಿಸಿದಾಗ ಅವನ ಪಾದ ಊದಿತ್ತು. ಮೇಲಿನವರು ಹೇಳಿದ್ದಕ್ಕೆ ಹಾಗೆ ಮಾಡಿದೆ ಎಂದು ನಾನು ಹೇಳಬಹುದು. ಆದರೆ ಆ ಹೆಂಗಸಿಗೆ ಸುಳ್ಳು ಹೇಳಿದ್ದು ನನ್ನ ಬಾಯಿ.

ಇವತ್ತು ಯಾವ ಠಾಣೆಗೆ ಹೋದರೂ ಗೋಡೆಯ ಮೇಲೆ ಒಂದು ಫಲಕ ಕಾಣುತ್ತದೆ, ಬಂಧಿತನ ಹಕ್ಕುಗಳೆಂದು. ಅದು ಅಲ್ಲಿಗೆ ಬಂದದ್ದು ಒಂದು ಕಾಗದದಿಂದ. ಲಾಕಪ್ಪುಗಳಲ್ಲಿ ಜನ ಸಾಯುತ್ತಿರುವ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿ, ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಕಾಗದ. ನ್ಯಾಯಾಲಯ ಅದನ್ನೇ ರಿಟ್ ಅರ್ಜಿಯೆಂದು ತೆಗೆದುಕೊಂಡಿತು. ಮರುವರ್ಷ ಅಲಿಗಢದ ಕಡೆಯಿಂದ ಇನ್ನೊಂದು ಸಾವಿನ ಕಾಗದ ಬಂದು ಇದರ ಜೊತೆ ಸೇರಿತು. ತೀರ್ಪು ಬಂದದ್ದು 1996ರ ಡಿಸೆಂಬರ್ 18ರಂದು. ಹತ್ತು ವರ್ಷ ಹಿಡಿಯಿತು. ನಮ್ಮ ಠಾಣೆಯ ಆ ಎರಡು ರಾತ್ರಿಯೂ ಆ ಹತ್ತು ವರ್ಷದೊಳಗೇ ಬರುತ್ತದೆ.

ಹನ್ನೊಂದು ಅಂಶಗಳನ್ನು ನ್ಯಾಯಾಲಯ ವಿಧಿಸಿತು. ದಸ್ತಗಿರಿ ಮಾಡುವವರ ಎದೆಯ ಮೇಲೆ ಹೆಸರು, ಹುದ್ದೆ ಕಾಣಬೇಕು. ಅಲ್ಲೇ ಅರೆಸ್ಟ್ ಮೆಮೊ, ಅಂದರೆ ದಸ್ತಗಿರಿಯ ದಾಖಲೆ ಪತ್ರ, ಬರೆಯಬೇಕು. ಹೊತ್ತು, ತಾರೀಕು ಹಾಕಿ ಮನೆಯವರದ್ದೋ ಊರಿನ ಗೌರವಸ್ಥರದ್ದೋ ಸಾಕ್ಷಿ ಸಹಿ ಪಡೆಯಬೇಕು, ಬಂಧಿತನೂ ಸಹಿ ಹಾಕಬೇಕು. ಎಲ್ಲಿಟ್ಟಿದ್ದೇವೆಂದು ಅವನ ಕಡೆಯವರಿಗೆ ತಿಳಿಸಬೇಕು. 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. ಇವುಗಳಲ್ಲಿ ಒಂದೇ ಒಂದು ಆಗ ಇದ್ದಿದ್ದರೂ "ಯಾರೂ ಇಲ್ಲ" ಎಂದು ಹೇಳಲು ನನ್ನ ನಾಲಿಗೆ ತಡವರಿಸುತ್ತಿತ್ತು. ಮೆಮೊ ಮೇಜಿನ ಮೇಲಿದ್ದಾಗ ಬಾಗಿಲಲ್ಲಿ ನಿಂತವನು ಸುಳ್ಳು ಹೇಳುವುದು ಕಷ್ಟ.

ಮುಂದೆ ಈ ಅಂಶಗಳಲ್ಲಿ ಹಲವು, ದಸ್ತಗಿರಿ, ತನಿಖೆಯ ನಿಯಮಗಳಿರುವ ದಂಡ ಪ್ರಕ್ರಿಯಾ ಸಂಹಿತೆಯೊಳಗೇ ಸೇರಿದವು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ವಿಷಯ ಉಳಿದಿದೆ. ಪ್ರತಿ ಠಾಣೆಯಲ್ಲೂ ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್ಸ್‌ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಒಬ್ಬರು ಬಂಧಿತರ ವಿವರ ಇಡಬೇಕೆಂಬುದೂ ಸೇರಿದೆ.

ಹೆಣ್ಣುಮಕ್ಕಳ ವಿಷಯ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೆ ಒಬ್ಬ ಆದಿವಾಸಿ ಬಾಲಕಿಯ ಮೇಲೆ ಪೊಲೀಸರೇ ಅತ್ಯಾಚಾರ ಮಾಡಿದರೆಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಮರುವರ್ಷ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೇ ಬಹಿರಂಗ ಪತ್ರ ಬರೆದರು. ದೇಶದ ಹೆಂಗಸರು ಬೀದಿಗಿಳಿದರು. 1983ರಲ್ಲಿ ಅತ್ಯಾಚಾರದ ಕಾನೂನು ಬದಲಾಯಿತು. ಸೂರ್ಯ ಮುಳುಗಿದ ಮೇಲೆ ಹೆಣ್ಣನ್ನು ದಸ್ತಗಿರಿ ಮಾಡಬಾರದು, ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು ಎಂಬುದು ಸಂಹಿತೆಗೆ ಸೇರಲು 2005ರ ತಿದ್ದುಪಡಿಯ ತನಕ ಕಾಯಬೇಕಾಯಿತು.

ಕ್ಯಾಮೆರಾ ಬಗ್ಗೆ ಒಂದು ಮಾತು. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಪೊಲೀಸರು ಬಂಧಿಸಿದ್ದ ತಂದೆ, ಮಗ ಇಬ್ಬರೂ ಸತ್ತರು. ಆ ಠಾಣೆಯಲ್ಲಿ ಸಿಸಿಟಿವಿ ಇತ್ತು. ಆದರೆ ದಿನದ ದೃಶ್ಯ ದಿನವೇ ಅಳಿಸಿಹೋಗುವಂತೆ ಇಟ್ಟಿದ್ದರೆಂದು ವಿಚಾರಣೆ ನಡೆಸಿದ ಮ್ಯಾಜಿಸ್ಟ್ರೇಟರು ವರದಿ ಕೊಟ್ಟರು. ಅದೇ ಡಿಸೆಂಬರ್‌ನಲ್ಲಿ, ಬೇರೊಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಧ್ವನಿಸಹಿತ ಕ್ಯಾಮೆರಾ ಇರಬೇಕು, 18 ತಿಂಗಳ ದೃಶ್ಯ ಉಳಿಯಬೇಕು ಎಂದಿತು.

ಇಷ್ಟಾದರೂ 2021ರ ಮೇ ತಿಂಗಳಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ ಒಬ್ಬ ದಲಿತ ಯುವಕ, ಠಾಣೆಯಲ್ಲಿ ತನಗೆ ಮೂತ್ರ ಕುಡಿಸಿದರೆಂದು ದೂರು ಕೊಟ್ಟ. ಸಬ್ ಇನ್ಸ್‌ಪೆಕ್ಟರ್ ಅಮಾನತಾದರು, ಸಿಐಡಿ ತನಿಖೆಗೆ ಬಂತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಫಲಕ ಎಲ್ಲ ಠಾಣೆಯಲ್ಲೂ ಇತ್ತಲ್ಲ?

ನನ್ನ ಅನುಭವದಲ್ಲಿ ಕೊರತೆ ಇರುವುದು ತರಬೇತಿಯಲ್ಲಿ. ಬೆಳಗಿನ ಜಾವದ ಕವಾಯತಿನಲ್ಲಿ ದಣಿದ ಹುಡುಗರು ಮಧ್ಯಾಹ್ನದ ಕಾನೂನು ತರಗತಿಯಲ್ಲಿ ತೂಕಡಿಸುತ್ತ ಸೆಕ್ಷನ್ ಬಾಯಿಪಾಠ ಮಾಡುತ್ತಾರೆ. ಅದರ ಹಿಂದೆ ಯಾರು ಸತ್ತರು, ಯಾರು ಕಾಗದ ಬರೆದರು ಎಂದು ಅವರಿಗೆ ಹೇಳುವುದಿಲ್ಲ. ಹೊಸ ಹುಡುಗರ ಜೊತೆ ಮಾತಾಡುವ ಅವಕಾಶ ಸಿಕ್ಕಾಗ ನಾನು ಒಬ್ಬನನ್ನು ಸೆಂಟ್ರಿ ಮಾಡಿ ನಿಲ್ಲಿಸುತ್ತೇನೆ, ಒಬ್ಬಳನ್ನು ಆ ಹೆಂಗಸಾಗಿ ಕಳಿಸುತ್ತೇನೆ. "ಇಲ್ಲಮ್ಮ" ಎಂದು ಹೇಳು ನೋಡೋಣ ಅನ್ನುತ್ತೇನೆ. ಮೊದಲ ಸಲ ನಗುತ್ತಾರೆ. ಅವಳು ಎರಡನೇ ಸಲ ಕೇಳಿದಾಗ ನಗುವುದಿಲ್ಲ.

ಬಸು ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಈ ಅಂಶಗಳನ್ನು ಆಕಾಶವಾಣಿಯಲ್ಲೂ ಪ್ರಸಾರ ಮಾಡಿದರೆ ಒಳ್ಳೆಯದೆಂದು ನ್ಯಾಯಾಲಯವೇ ಬರೆದಿದೆ. ನಾನೀಗ ಈ ಮೈಕಿನ ಮುಂದೆ ಕೂತಿರುವುದು ಅದಕ್ಕೇ.

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟದ ಮಾಲೀಕರೇ, ಮೇಸ್ತ್ರಿಗಳೇ, ನಿಮ್ಮ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದವರಿದ್ದಾರೆ. ಅವರಲ್ಲಿ ಒಬ್ಬನನ್ನು ಪೊಲೀಸರು ಕರೆದೊಯ್ದರೆ ಕೇಳಿಕೊಂಡು ಬರುವ ಹೆಂಡತಿ ಇಲ್ಲಿರುವುದಿಲ್ಲ. ಬಂಧಿತನ ಕಡೆಯವರು ಹೊರ ಜಿಲ್ಲೆಯಲ್ಲಿದ್ದರೆ 8ರಿಂದ 12 ಗಂಟೆಯೊಳಗೆ ಅವರಿಗೆ ಸುದ್ದಿ ಮುಟ್ಟಿಸಬೇಕೆಂದು ಆ ತೀರ್ಪಿನಲ್ಲೇ ಇದೆ. ನೀವೇ ಠಾಣೆಗೆ ಹೋಗಿ ಅರೆಸ್ಟ್ ಮೆಮೊ ಕೇಳಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಈ ಸಂಖ್ಯೆಯನ್ನು ಇವತ್ತೇ ಲೈನ್ ಮನೆಯ ಬಾಗಿಲ ಮೇಲೆ ಬರೆಸಿ, ಅವರ ಭಾಷೆ ಬಲ್ಲವರಿಂದ ಓದಿಸಿ.

ನಮಸ್ಕಾರ.